ಆಹಾರ ಮುಟ್ಟುವವರ ಪಟ್ಟಿ

16 ಜನವರಿ 2007, ಮಂಗಳವಾರ

ಇವತ್ತು ಸಂಘದ ಮೀಟಿಂಗ್ ಚಿಕ್ಕಕ್ಕನ ಮನೆಯಲ್ಲಿ ಆಯಿತು. ನಾನೇ ಹಟ ಹಿಡಿದು ಅಲ್ಲಿ ಇಡಿಸಿದ್ದು. ಆರು ವರ್ಷದಿಂದ ನಮ್ಮ ಭಂಡಿಗಡಿಯ ಸ್ತ್ರೀಶಕ್ತಿ ಸಂಘ ನಡೆಯುತ್ತಿದೆ. ಹನ್ನೆರಡು ಹೆಂಗಸರು, ಒಂದೇ ಪುಸ್ತಕದಲ್ಲಿ ಸಹಿ, ಆದರೆ ಮೀಟಿಂಗ್ ಮಾತ್ರ ಯಾವಾಗಲೂ ನಮ್ಮ ಜಗಲಿಯಲ್ಲೋ ಅಧ್ಯಕ್ಷೆ ವನಜಮ್ಮನ ಜಗಲಿಯಲ್ಲೋ. ತೋಟದ ಕೂಲಿಗೆ ಬರುವ ನಾಲ್ವರು ಜಗಲಿ ಹತ್ತುವುದಿಲ್ಲ, ಮೆಟ್ಟಿಲ ಮೇಲೆ ಕೂರುತ್ತಾರೆ. ಆರು ವರ್ಷ ಅದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಆ ನಾಲ್ವರಲ್ಲಿ ಒಬ್ಬಳಾದ ಚಿಕ್ಕಕ್ಕ ಸಗಣಿ ಸಾರಿಸಿ, ಚಾಪೆ ಹಾಸಿ, ಬೆಲ್ಲದ ಕಾಫಿ ಮಾಡಿದ್ದಳು. ಲೋಟಗಳು ಹೊಸವು, ಸ್ಟೀಲಿನವು, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಇವತ್ತಿಗೆಂದೇ ತಂದದ್ದಿರಬೇಕು. ವನಜಮ್ಮ ಲೋಟವನ್ನು ಮುಟ್ಟಿಯೂ ನೋಡದೆ "ಈಗಷ್ಟೇ ಕುಡಿದು ಬಂದೆ" ಎಂದರು. ಅವರ ಹಿಂದೆ ನಮ್ಮವರೆಲ್ಲ ಒಬ್ಬೊಬ್ಬರಾಗಿ ಈಗಷ್ಟೇ ಕುಡಿದು ಬಂದವರೇ ಆದರು. ನನಗೆ ಮೈಯೆಲ್ಲ ಉರಿಯಿತು. ನನ್ನ ಲೋಟವನ್ನು ಎತ್ತಿ ಅಷ್ಟನ್ನೂ ಕುಡಿದು, ಇನ್ನರ್ಧ ಲೋಟ ಹಾಕು ಎಂದು ಕೇಳಿ ಅದನ್ನೂ ಕುಡಿದೆ. ಚಿಕ್ಕಕ್ಕ ಎರಡೂ ಕೈಯಲ್ಲಿ ಪಾತ್ರೆ ಹಿಡಿದು ಬಗ್ಗಿಸಿದಳು.

ತೀರ್ಮಾನವಾದದ್ದು ಇಷ್ಟು. ಫೆಬ್ರವರಿ ಒಂಬತ್ತರಿಂದ ಮೂರು ದಿನ ಕೊಪ್ಪದಲ್ಲಿ ಅಡಿಕೆ ಸುಲಿಯುವ ಯಂತ್ರಗಳ ಪ್ರದರ್ಶನ. ಅಲ್ಲಿ ನಮ್ಮ ಸಂಘದಿಂದ ಅಕ್ಕಿ ರೊಟ್ಟಿ, ಸೂಜಿಮೆಣಸಿನ ಚಟ್ನಿಯ ಸ್ಟಾಲ್ ಹಾಕುವುದು. ಕಳೆದ ಸಲ ಇಂಥದ್ದೇ ಒಂದು ಪ್ರದರ್ಶನಕ್ಕೆ ನರಸಿಂಹರಾಜಪುರದ ಸುಬ್ಬರಾಯ ಬಂದು ತಣ್ಣನೆಯ ಉಪ್ಪಿಟ್ಟು ಹಾಕಿ ಹೋದ. ಚಿಕ್ಕಕ್ಕನ ರೊಟ್ಟಿ ಕೆಂಡದ ಮೇಲೆ ಇಟ್ಟರೆ ಅಂಚಿನಿಂದ ಅಂಚಿಗೆ ಉಬ್ಬುತ್ತದೆ. ಈ ಸುತ್ತಮುತ್ತ ಆ ಕೈ ಇನ್ನೊಬ್ಬರಿಗಿಲ್ಲ. ಅದಕ್ಕೆ ಪರ್ಮಿಟ್ ಮಾಡಿಸುವ ಓಡಾಟ ಕಾರ್ಯದರ್ಶಿಯಾದ ನನ್ನದು.

ಹೊರಡುವಾಗ ಚಿಕ್ಕಕ್ಕ ಗೇಟಿನ ತನಕ ಬಂದು ಕೇಳಿದಳು: "ದೇವಕಕ್ಕ, ಆ ಕಾಗದದಲ್ಲಿ ನನ್ನ ಹೆಸರೂ ಬರ್ತದಾ? ರೊಟ್ಟಿ ಮಾಡೋರು ಅಂತ?"

ಬಾರದೆ ಏನು ಎಂದೆ. ಯಂತ್ರ ಬಂದರೆ ಸುಲಿಯುವ ಕೆಲಸ ಹೋಗುತ್ತದೆ, ಸರ್ಕಾರದ ಕಾಗದ ಒಂದಿದ್ದರೆ ಯಾವುದಾದರೂ ಹಾಸ್ಟೆಲಿನ ಅಡುಗೆಮನೆಗೆ ಕೇಳಬಹುದಲ್ಲ ಎಂದು ಅವಳ ಲೆಕ್ಕಾಚಾರ. ಸರಿಯಾದ ಲೆಕ್ಕಾಚಾರವೇ. ನನ್ನನ್ನು 'ಅಮ್ಮ' ಎನ್ನುವುದನ್ನು ಬಿಡಿಸಿ 'ಅಕ್ಕ' ಎನ್ನಿಸಲು ನನಗೆ ಎರಡು ವರ್ಷ ಬೇಕಾಯಿತು. ಸಹಿ ಕಲಿಸಿದ್ದೂ ನಾನೇ, ಸ್ಲೇಟು ಹಿಡಿದು, ಒಂದು ಮಳೆಗಾಲ ಪೂರ್ತಿ.

ವನಜಮ್ಮ ದಾರಿಯುದ್ದಕ್ಕೂ ನನ್ನ ಹತ್ತಿರ ಮಾತಾಡಲಿಲ್ಲ. ಮಾತಾಡದಿದ್ದರೆ ನನ್ನ ಗಂಟೇನೂ ಹೋಗುವುದಿಲ್ಲ.

18 ಜನವರಿ, ಗುರುವಾರ

ಕೊಪ್ಪಕ್ಕೆ ಹೋಗಿ ಬಂದೆ. ರೊಟ್ಟಿ ಮಾರಲು ಹದಿನಾರು ಕಾಲಮ್ಮಿನ ಅರ್ಜಿ! ಜಾಗದ ನಕ್ಷೆ, ಸಂಘದ ನಿರ್ಣಯ, ಬಾವಿ ನೀರಿನ ಪರೀಕ್ಷೆ, ಕಸ ಎಲ್ಲಿ ಹಾಕುತ್ತೀರಿ, ಒಲೆ ಎಷ್ಟು. ಹನ್ನೆರಡನೇ ಕಾಲಮ್ಮಿನಲ್ಲಿ 'ಆಹಾರ ನಿರ್ವಹಿಸುವವರ ಪಟ್ಟಿ'. ಹಾಗೆಂದರೆ ಎಂಥದು ಎಂದು ಕೇಳಿದೆ.

ಆರೋಗ್ಯ ನಿರೀಕ್ಷಕನ ಹೆಸರು ರಘುಪತಿ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ತಲೆ ಎತ್ತಿ ನೋಡುವ ಅಭ್ಯಾಸವೇ ಇಲ್ಲ. ಆಹಾರ ಮುಟ್ಟುವವರು ಎಂದ. ಹಿಟ್ಟು ಕಲಸುವವರು, ತಟ್ಟುವವರು, ಬಡಿಸುವವರು, ಪಾತ್ರೆ ತೊಳೆಯುವವರು. ಅವರೆಲ್ಲರ ರಕ್ತ ಪರೀಕ್ಷೆ, ಮಲ ಪರೀಕ್ಷೆ ಆಗಬೇಕು. ಅರ್ಜಿ ಯಾರ ಹೆಸರಿನಲ್ಲಿದೆಯೋ ಅವರದಂತೂ ಆಗಲೇಬೇಕು. ರೊಟ್ಟಿಗೂ ಕಕ್ಕಸಿಗೂ ಏನು ಸಂಬಂಧ ಸ್ವಾಮಿ ಎಂದೆ. ನಡುವೆ ಕೈ ಇದೆಯಲ್ಲಮ್ಮ ಎಂದ. ನಗಲೂ ಇಲ್ಲ.

ಕೈ ಚಾಚುತ್ತಾನೆ ಎಂದುಕೊಂಡು ಕಾದೆ. ಚಾಚಲಿಲ್ಲ. ಚಾಚುವವರಾದರೆ ಕೊಟ್ಟು ಮುಗಿಸಬಹುದು, ಇಂಥವರದು ಮುಗಿಯುವುದೇ ಇಲ್ಲ.

ಮನೆಯಲ್ಲಿ ಪುಟ್ಟಪ್ಪ ಹೆಗ್ಡೇರು, ಅಂದರೆ ನನ್ನ ಗಂಡ, ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀವೆಲ್ಲ ಡಬ್ಬಿ ಹಿಡಿದು ಬಸ್ಸಿನಲ್ಲಿ ಕೂರುವ ಚಂದ ನೋಡಬೇಕು ಮಾರಾಯ್ತಿ ಎಂದರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಾನು ಮಾಡಿದ್ದಕ್ಕೆಲ್ಲ ಇವರು ಹೀಗೆಯೇ ನಕ್ಕಿದ್ದು. ಒಂದು ಸಲವಾದರೂ ನನ್ನ ಹೆಸರಿನ ಬೋರ್ಡಿನ ಕೆಳಗೆ ಇವರಿಗೆ ರೊಟ್ಟಿ ಹಾಕಬೇಕು, ಆಗ ನಗಲಿ ನೋಡೋಣ.

24 ಜನವರಿ, ಬುಧವಾರ

ನೀರಿನ ರಿಪೋರ್ಟಿಗೆ ಮೂರು ಸಲ ಬಸ್ ಹತ್ತಿದ್ದಾಯಿತು. ಮೊದಲ ಸಲ ಬಾಟಲಿ ತಪ್ಪು, ಎರಡನೇ ಸಲ ನೋಡುವವರು ರಜೆ, ಮೂರನೇ ಸಲ ರಸೀದಿ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಸುಬ್ಬರಾಯನ ಅರ್ಜಿಯೂ ಬಂದಿದೆಯಂತೆ. ಅವನದು ಒಂದೆರಡು ಕಾಗದ ಮಾತ್ರ ಬಾಕಿಯಂತೆ. ಇಬ್ಬರಲ್ಲಿ ಯಾರದು ಮೊದಲು ಪೂರ್ತಿಯಾಗುತ್ತದೋ ಅವರಿಗೆ ಜಾಗ, ಊಟದ ಸ್ಟಾಲ್ ಒಂದೇ.

ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಾಗ ಅಳು ಬಂತು.

27 ಜನವರಿ, ಶನಿವಾರ

ಮೂವರ ಡಬ್ಬಿ ಲ್ಯಾಬಿಗೆ ಕೊಟ್ಟಾಯಿತು. ನಾನು, ವನಜಮ್ಮ, ಚಿಕ್ಕಕ್ಕ. ಬಿಳಿ ಮುಚ್ಚಳದ ಸಣ್ಣ ಡಬ್ಬಿ, ಮೇಲೆ ಹೆಸರಿನ ಚೀಟಿ. ವನಜಮ್ಮ ತಮ್ಮದನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನನ್ನ ಕೈಗೆ ಕೊಡದೆ, ತಾವೇ ಹಿಡಿದುಕೊಂಡು ಬಂದಿದ್ದರು. ಚಿಕ್ಕಕ್ಕ ಮಾತ್ರ ತನ್ನ ಡಬ್ಬಿಯ ಮೇಲೆ ತಾನೇ ಹೆಸರು ಬರೆದಳು. ಒತ್ತಕ್ಷರಕ್ಕೆ ಬಂದಾಗ ಒಂದು ಕ್ಷಣ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಸರಿ ಇದೆ ಬರಿ ಎಂದೆ.

ನನಗೆ ಒಳಗೊಳಗೇ ಭಯ ಇರುವುದು ಅವಳದ್ದೇ. ಬರಿಗಾಲಿನಲ್ಲಿ ತೋಟ ತಿರುಗುವವಳು, ಹಳ್ಳದ ನೀರು ತರುವವಳು, ಅವಳದು ಕೆಟ್ಟದು ಬಂದರೆ ರೊಟ್ಟಿ ತಟ್ಟುವವರು ಯಾರು? ಯಾವುದಕ್ಕೂ ಇರಲಿ ಎಂದು ಸಂಜೆ ನಾನೇ ಹಿಟ್ಟನ್ನು ಕುದಿನೀರಿಗೆ ಹಾಕಿ ಉಕ್ಕರಿಸಿ ಹತ್ತು ರೊಟ್ಟಿ ತಟ್ಟಿ ನೋಡಿದೆ. ಒಂದೂ ಉಬ್ಬಲಿಲ್ಲ. ಇವರು ಎರಡು ತಿಂದು, ಹಪ್ಪಳ ಚೆನ್ನಾಗಿದೆ ಎಂದರು.

30 ಜನವರಿ, ಮಂಗಳವಾರ

ಬರೆಯಲೇಬೇಕಾ ಇದನ್ನು? ಬರೆಯುತ್ತೇನೆ, ಯಾರು ಓದುತ್ತಾರೆ.

ವನಜಮ್ಮನದು ಸರಿ. ಚಿಕ್ಕಕ್ಕನದು ಕನ್ನಡಿಯ ಹಾಗೆ ಸ್ವಚ್ಛ. ನನ್ನದರಲ್ಲಿ ಕೊಕ್ಕೆಹುಳದ ಮೊಟ್ಟೆ, ಅಮೀಬಾ, ಎರಡೂ. ನನ್ನದರಲ್ಲಿ! ದಿನಕ್ಕೆರಡು ಸಲ ಸ್ನಾನ ಮಾಡುವವಳು, ಹೊರಗಿನಿಂದ ಬಂದರೆ ಕೈಕಾಲು ತೊಳೆಯದೆ ಅಡುಗೆಮನೆಗೆ ಕಾಲಿಡದವಳು ನಾನು. ರಘುಪತಿ ರಿಪೋರ್ಟ್ ಓದುವಾಗ ಮೊದಲ ಸಲ ತಲೆ ಎತ್ತಿ ನೋಡಿದ. ತೋಟಕ್ಕೆ ಬರಿಗಾಲಿನಲ್ಲಿ ಹೋಗುತ್ತೀರಾ, ನೀರು ಕಾಯಿಸಿ ಕುಡಿಯುತ್ತೀರಾ ಎಂದೆಲ್ಲ ಕೇಳಿದ. ನಾಗರಕಟ್ಟೆಯ ಪಕ್ಕದ ಸಿಹಿ ನೀರು ನಮ್ಮದು, ಮೂರು ತಲೆಮಾರಿನಿಂದ ಹಾಗೆಯೇ ಕುಡಿದಿದ್ದೇವೆ ಎಂದೆ. ಚಿಕ್ಕಕ್ಕನ ಮನೆಯಲ್ಲಿ ನೀರು ಕುದಿಸದೆ ಕುಡಿಯುವುದೇ ಇಲ್ಲವಂತೆ, ಅಂಗನವಾಡಿಯವರು ಹೇಳಿದ ದಿನದಿಂದ.

ಮಾತ್ರೆ ತಗೊಂಡು ಹತ್ತು ದಿನ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಎಂದ. ಹತ್ತು ದಿನ ಬಿಟ್ಟರೆ ಪ್ರದರ್ಶನವೇ ಶುರುವಾಗಿರುತ್ತದೆ. ಆಗ ಅವನೇ ಒಂದು ದಾರಿ ಹೇಳಿದ. ನಾನು ಶಬ್ದಕ್ಕೆ ಶಬ್ದ ಬರೆದಿಡುತ್ತೇನೆ.

"ಅರ್ಜಿ ಚಿಕ್ಕಕ್ಕನ ಹೆಸರಿಗೆ ಬದಲಾಯಿಸಿಬಿಡಿ ಅಮ್ಮ. ಅವರ ರಿಪೋರ್ಟ್ ಚೆನ್ನಾಗಿದೆ, ಸಹಿ ಮಾಡ್ತಾರೆ, ಸಂಘದ ಸದಸ್ಯೆ. ಇವತ್ತೇ ಪರ್ಮಿಟ್ ಕೊಡ್ತೀನಿ. ನೀವು ಸ್ಟಾಲಿನಲ್ಲಿ ಕೂತು ಚೀಟಿ ಹರೀರಿ, ಆಹಾರ ಮುಟ್ಟದಿದ್ರೆ ಆಯ್ತು."

ಎಷ್ಟು ಸಲೀಸಾಗಿ ಹೇಳಿದ! ಬಸ್ ಹತ್ತಿದ್ದು ನಾನು, ಚಪ್ಪಲಿ ಸವೆಸಿದ್ದು ನಾನು, ಅವನ ಹದಿನಾರು ಕಾಲಮ್ಮು ತುಂಬಿಸಿದ್ದು ನಾನು. ಬೋರ್ಡಿನ ಮೇಲೆ ಹೆಸರು ಅವಳದು. ನಾನು ಚೀಟಿ ಹರಿಯಬೇಕಂತೆ. ಯೋಚನೆ ಮಾಡುತ್ತೇನೆ ಎಂದು ಎದ್ದು ಬಂದೆ. ಮಧ್ಯದಲ್ಲಿ ಇನ್ನೊಂದು ಸಲ ಪರೀಕ್ಷೆ ಮಾಡಿಸಿದರೆ ಆಗುತ್ತದಾ ಎಂದು ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ, ರಿಪೋರ್ಟ್ ಸರಿ ಬಂದರೆ ನನ್ನ ಅಡ್ಡಿ ಇಲ್ಲ, ಆದರೆ ಇಷ್ಟು ಬೇಗ ಸರಿಯಾಗುವುದು ಕಷ್ಟ ಎಂದ.

31 ಜನವರಿ, ಬುಧವಾರ

ಮಾತ್ರೆ ನುಂಗಿದೆ. ವಾಂತಿಯಾಯಿತು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ವನಜಮ್ಮ ಫೋನ್ ಮಾಡಿ ರಿಪೋರ್ಟ್ ಏನಾಯಿತು ಎಂದು ಕೇಳಿದರು. ನನ್ನದು ಇನ್ನೂ ಬಂದಿಲ್ಲ ಎಂದೆ.

2 ಫೆಬ್ರವರಿ, ಶುಕ್ರವಾರ

ಬೆಳಿಗ್ಗೆ ಬೆಳಕು ಹರಿಯುತ್ತಲೇ ಚಿಕ್ಕಕ್ಕನ ಮನೆಗೆ ಹೋದೆ. ಸೊಸೈಟಿಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೆ. ಅವಳ ಮಗಳು ಕುಸುಮಾ ನೀರಿಗೆ ಹೋಗುವ ತನಕ ಸುಮ್ಮನೆ ಅದೂ ಇದೂ ಮಾತಾಡುತ್ತಾ ಕೂತೆ.

ನನ್ನ ರಿಪೋರ್ಟ್ ಸರಿ ಬಂದಿಲ್ಲ ಎಂದು ಮಾತ್ರ ಹೇಳಿದೆ. ಹೀಗಾದರೆ ಸ್ಟಾಲ್ ಸುಬ್ಬರಾಯನ ಪಾಲಾಗುತ್ತದೆ, ಇದೊಂದೇ ದಾರಿ ಇರುವುದು ಎಂದೆ. ಚೀಲದಿಂದ ಡಬ್ಬಿ ತೆಗೆದು ಮುಂದೆ ಇಟ್ಟೆ. ನನ್ನ ಹೆಸರಿನ ಚೀಟಿ ಮೊದಲೇ ಅಂಟಿಸಿದ್ದೆ. ಅವಳು ಚೀಟಿಯ ಮೇಲಿನ ಅಕ್ಷರ ಒಂದೊಂದಾಗಿ ಓದಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಒಲೆಯ ಕಡೆ ನೋಡುತ್ತಾ ಕೂತೆ.

"ಎಂತದು ದೇವಕಕ್ಕ ಇದು," ಎಂದಳು, ಅಷ್ಟೇ. ಡಬ್ಬಿ ತಗೊಂಡು ಹಿತ್ತಿಲ ಕಡೆ ಹೋದಳು. ವಾಪಸು ಕೊಡುವಾಗ ಬಾಳೆ ಎಲೆಯಲ್ಲಿ ಸುತ್ತಿ, ಬಾಳೆ ನಾರಿನಿಂದ ಕಟ್ಟಿ ಕೊಟ್ಟಳು. ಕೈ ತೊಳೆದು ಬಂದು ಕಾಫಿ ಕುಡಿದು ಹೋಗಿ ಎಂದಳು. ಬಸ್ಸಿಗೆ ಹೊತ್ತಾಗುತ್ತಿತ್ತು, ಕುಡಿಯಲಿಲ್ಲ.

ರಘುಪತಿ ಹೇಳಿದ ದಾರಿಯ ವಿಷಯ ಅವಳಿಗೆ ತಿಳಿಸುವ ಅಗತ್ಯವಿಲ್ಲ. ಸುಮ್ಮನೆ ತಲೆಗೆ ಹುಳ ಬಿಟ್ಟಂತಾಗುತ್ತದೆ. ಅವಳಿಗೂ ಸ್ಟಾಲ್ ನಡೆಯುವುದು ಮುಖ್ಯ.

5 ಫೆಬ್ರವರಿ, ಸೋಮವಾರ

ರಿಪೋರ್ಟ್ ಬಂತು. 'ದೇವಕಿ, ಕೋಂ ಪುಟ್ಟಪ್ಪ, ವಯಸ್ಸು 46. ಯಾವುದೇ ದೋಷ ಕಂಡುಬಂದಿಲ್ಲ.' ರಘುಪತಿ ಅದನ್ನು ಎರಡು ಸಲ ಓದಿ, ಆ ಮಾತ್ರೆ ನಿಮಗೆ ಚೆನ್ನಾಗಿ ಹಿಡಿಯಿತು ಎಂದ. ಹೊಗಳಿದನೋ ಚುಚ್ಚಿದನೋ ಗೊತ್ತಾಗಲಿಲ್ಲ.

ಮನೆಯಲ್ಲಿ ತೋರಿಸಿದೆ. ಇವರು ಮೊದಲ ಸಲ ನಗಲಿಲ್ಲ. ಅತ್ತೆಯ ಫೋಟೋದ ಕೆಳಗಿನ ಮೊಳೆಗೆ ಸಿಕ್ಕಿಸಿ, ನಮ್ಮ ಮನೆಯ ಶುಚಿಗೆ ಸರ್ಕಾರವೇ ಸರ್ಟಿಫಿಕೇಟ್ ಕೊಟ್ಟಿದೆ ನೋಡಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದಾರೆ. ಅದನ್ನು ಕೇಳಿದಾಗಲೆಲ್ಲ ನಾನು ಎದ್ದು ಹಿತ್ತಿಲಿಗೆ ಹೋಗುತ್ತೇನೆ. ಹೊಟ್ಟೆ ಇನ್ನೂ ಸರಿಯಾಗಿಲ್ಲ ಎಂದು ಕಾಣುತ್ತದೆ.

ಚಿಕ್ಕಕ್ಕ ಎದುರಿಗೆ ಸಿಕ್ಕಿ, ಆಯ್ತಾ ಎಂದು ಕೇಳಿದಳು. ಹೂಂ ಎಂದೆ. ನಗುತ್ತಾ ಕೇಳಿದಳು. ನಗುವಂಥದ್ದು ಏನಿತ್ತೋ.

8 ಫೆಬ್ರವರಿ, ಗುರುವಾರ

ಪರ್ಮಿಟ್ ಕೈಗೆ ಬಂತು! ಮೊಹರು, ಸಹಿ, ನಂಬರು. ಅದನ್ನು ಸ್ಟಾಲಿನ ಎದುರಿಗೆ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕಂತೆ, ಹನ್ನೆರಡನೇ ಕಾಲಮ್ಮಿನ ಪಟ್ಟಿಯ ಸಮೇತ.

ಆ ವಿಷಯ ನಿನ್ನೆಯೇ ಗೊತ್ತಾಗಿ ವನಜಮ್ಮ ಓಡೋಡಿ ಬಂದಿದ್ದರು. ಜನ ಓದುತ್ತಾರೆ ಮಾರಾಯ್ತಿ, ತಟ್ಟುವವರ ಹೆಸರು ನೋಡಿದ ಮೇಲೆ ನಮ್ಮ ಕಡೆಯವರು ಯಾರು ಕೈ ಹಾಕುತ್ತಾರೆ ಎಂದರು. ನಾನು ಬಿಡಲಿಲ್ಲ, ಸುಮಾರು ಹೊತ್ತು ವಾದ ಮಾಡಿದೆ. ಕೊನೆಗೆ ವಿಷಯ ಬೆಳೆಸುವುದು ಬೇಡ ಎಂದು ಪಟ್ಟಿಯನ್ನು ಹೊಸದಾಗಿ ಬರೆದು ಕೊಟ್ಟೆ. ರೊಟ್ಟಿ ತಟ್ಟುವವರು: ದೇವಕಿ. ಬಡಿಸುವವರು: ವನಜಮ್ಮ. ಪಾತ್ರೆ ತೊಳೆಯುವವರು: ಚಿಕ್ಕಕ್ಕ. ಅವಳ ಹೆಸರು ಇದೆಯಲ್ಲ. ಕಾಗದದಲ್ಲಿ ಹೆಸರು ಬರುತ್ತದೆ ಎಂದು ಮಾತು ಕೊಟ್ಟಿದ್ದೆ, ಬಂದಿದೆ.

9 ಫೆಬ್ರವರಿ, ಶುಕ್ರವಾರ

ಮುನ್ನೂರು ರೊಟ್ಟಿ ಹೋಯಿತು. ಸಾಲು ಯಂತ್ರದ ಟೆಂಟಿನ ತನಕ ಇತ್ತು. ಕಾಲು ಬಿದ್ದುಹೋಗುತ್ತಿದೆ, ನಾಲ್ಕು ಸಾಲು ಬರೆದು ಮಲಗುತ್ತೇನೆ.

ಒಲೆಯನ್ನು ಟಾರ್ಪಾಲಿನ ಹಿಂದೆ ಇಟ್ಟೆವು. ಗಾಳಿಗೆ ಕೆಂಡದ ಬೂದಿ ಹಾರಿ ಜನರ ತಟ್ಟೆಗೆ ಬೀಳುತ್ತದೆ, ಅದಕ್ಕೆ. ಚಿಕ್ಕಕ್ಕ ಹಿಂದೆ ತಟ್ಟಿ ಕೊಡುವುದು, ನಾನು ಮುಂದೆ ಕೊಡುವುದು. ಬೆಳಿಗ್ಗೆ ಬಂದ ಕೂಡಲೇ ಅವಳು ತೂಗುಹಾಕಿದ ಪರ್ಮಿಟ್ಟಿನ ಮುಂದೆ ನಿಂತು ಬೆರಳಿಟ್ಟು ಓದಿದಳು. ಮೊದಲು ತನ್ನ ಹೆಸರು. ಆಮೇಲೆ ಅದರ ಹಿಂದಿನ ಎರಡು ಶಬ್ದ. ಓದಲು ಬಹಳ ಹೊತ್ತು ಬೇಕಾಯಿತು. ಒಳಗೆ ಹೋಗಿ ಹಿಟ್ಟು ಉಕ್ಕರಿಸತೊಡಗಿದಳು. ಕೇಳಿದ್ದರೆ ವಿವರಿಸಬಹುದಿತ್ತು.

ಯಾರೂ, ಒಬ್ಬರೂ, ಪಟ್ಟಿಯನ್ನು ಓದಲಿಲ್ಲ. ಎಲ್ಲರಿಗೂ ರೊಟ್ಟಿಯದ್ದೇ ಧ್ಯಾನ. ಓದಿದ್ದು ಅವಳೊಬ್ಬಳೇ.

10 ಫೆಬ್ರವರಿ, ಶನಿವಾರ

ಬೇಗಾರಿನಿಂದ ಬಂದ ಒಬ್ಬ ಹಿರಿಯರು, ತೋಟ ಇರುವವರು, ಮೂರು ರೊಟ್ಟಿ ತಿಂದು, ಈ ಕೈ ಯಾರದು, ನೋಡಬೇಕಿತ್ತು ಎಂದರು. ನಮ್ಮ ಅಜ್ಜಿಯ ಕಾಲದಲ್ಲಿ ತಿಂದಿದ್ದು ಇಂಥ ರೊಟ್ಟಿ ಎಂದು ಕಣ್ಣು ಒದ್ದೆ ಮಾಡಿಕೊಂಡರು. ಟಾರ್ಪಾಲಿನ ಹಿಂದೆ ತಟ್ಟುವ ಸದ್ದು ನಿಂತಿತು. ನನ್ನದೇ ಕೈ ಎಂದೆ. ಪರ್ಮಿಟ್ಟಿನಲ್ಲಿ ಹಾಗೆ ಇದೆ, ಬೇರೆ ಹೇಳಿದರೆ ಪರ್ಮಿಟ್ಟಿಗೇ ತೊಂದರೆ. ಅವರು ಎರಡೂ ಕೈ ಜೋಡಿಸಿದರು. ನನಗೆ ಇಷ್ಟು ವಯಸ್ಸಿಗೆ ಯಾರೂ ಕೈ ಜೋಡಿಸಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಹಿಂದೆ ಮತ್ತೆ ತಟ್ಟುವ ಸದ್ದು ಶುರುವಾಯಿತು.

ಒಂದು ಸಣ್ಣ ಕಿರಿಕಿರಿ. ಸ್ಟಾಲಿನ ತುಂಬ ಜನ ಇರುವಾಗ ಅವಳು ಹಿಂದಿನಿಂದ "ದೇವಕಕ್ಕಾ, ಉಪ್ಪು" ಎಂದು ಕೂಗಿದಳು. ಅಕ್ಕ ತಂಗಿ ಎಂದು ಕೂಗುವ ಜಾಗವಾ ಅದು? ಈ ಮೂರು ದಿನ 'ಅಮ್ಮ' ಎಂದುಬಿಡು, ಜನರ ಬಾಯಿಗೆ ಯಾಕೆ ಬೀಳುವುದು ಎಂದು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಆಯ್ತು ಅಮ್ಮ ಎಂದಳು. ತಕ್ಷಣ ಅಂದಳು, ಏನೂ ಬೇಸರ ಮಾಡಿಕೊಳ್ಳಲಿಲ್ಲ.

ಊಟ ಅವಳಿಗೆ ಬಾಳೆ ಎಲೆಯಲ್ಲಿ ಹಿಂದೆಯೇ ಕೊಟ್ಟೆ. ತಟ್ಟೆ ತೊಳೆಯುವ ಕೆಲಸವಾದರೂ ಅವಳಿಗೆ ತಪ್ಪಲಿ ಎಂದು.

11 ಫೆಬ್ರವರಿ, ಭಾನುವಾರ

ಮುಗಿಯಿತು. ಇವರು ಬಂದು ಬೋರ್ಡಿನ ಕೆಳಗೆ ನಿಂತು ನಾಲ್ಕು ರೊಟ್ಟಿ ತಿಂದರು. ಹಪ್ಪಳ ಎನ್ನಲಿಲ್ಲ. ನಾನು ಕಾದಿದ್ದ ಕ್ಷಣ ಅದೇ, ಆದರೆ ಅಂದುಕೊಂಡಷ್ಟು ಸಂತೋಷವಾಗಲಿಲ್ಲ, ಯಾಕೋ.

ಮಧ್ಯಾಹ್ನ ಪಕ್ಕದ ಟೆಂಟಿನಲ್ಲಿ ಯಂತ್ರ ಓಡಿಸಿ ತೋರಿಸುತ್ತಿದ್ದರು. ಹತ್ತು ಹೆಂಗಸರು ಒಂದು ದಿನ ಸುಲಿಯುವುದನ್ನು ಅದು ಎರಡು ಗಂಟೆಯಲ್ಲಿ ಸುಲಿದು ಬಿಸಾಕುತ್ತದೆ. ಚಿಕ್ಕಕ್ಕ ಕೈಯಲ್ಲಿದ್ದ ಹಿಟ್ಟು ಒರೆಸಿಕೊಳ್ಳದೆ ಹೋಗಿ ನೋಡುತ್ತಾ ನಿಂತಿದ್ದಳು. ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಅದೇ ಹೊತ್ತಿಗೆ ರಘುಪತಿ ತಪಾಸಣೆಗೆ ಬಂದ. ಟಾರ್ಪಾಲು ಎತ್ತಿ ಹಿಂದೆ ನೋಡಿದ. ಒಲೆ, ಹಿಟ್ಟು, ಚಿಕ್ಕಕ್ಕನ ಮಣೆ. ಪಟ್ಟಿಯನ್ನು ಓದಿದ. ಯಂತ್ರದ ಟೆಂಟಿನಿಂದ ವಾಪಸು ಬಂದ ಚಿಕ್ಕಕ್ಕನ ಕೈಯ ಹಿಟ್ಟನ್ನು ನೋಡಿದ.

ಅವನು ನನ್ನನ್ನು ಏನೂ ಕೇಳಲಿಲ್ಲ. ಅವಳ ಹತ್ತಿರ ಹೋಗಿ, "ಪರ್ಮಿಟ್ ನಿಮ್ಮ ಹೆಸರಿಗೇ ಕೊಡ್ತೀನಿ ಅಂದಿದ್ದೆನಲ್ಲಮ್ಮ. ಯಾಕೆ ಬೇಡ ಅಂದ್ರಿ?" ಎಂದ.

ಅವಳು ನನ್ನ ಕಡೆ ತಿರುಗಿದಳು. ನಾನು ಚಟ್ನಿಯ ಪಾತ್ರೆ ಕಲಕುತ್ತಿದ್ದೆ. ಕಲಕುವಂಥದ್ದು ಅದರಲ್ಲಿ ಏನೂ ಇರಲಿಲ್ಲ, ತಳ ಕಾಣುತ್ತಿತ್ತು.

ನನಗೆ ಬ್ಯಾಡ ಅನ್ನಿಸ್ತು ಸ್ವಾಮಿ ಎಂದಳು. ಅಷ್ಟು ಹೇಳಿ ಪಾತ್ರೆಗಳನ್ನೆಲ್ಲ ಎತ್ತಿಕೊಂಡು ನಲ್ಲಿಯ ಹತ್ತಿರ ಹೋಗಿ ಒಂದೂ ಬಿಡದೆ ತೊಳೆದಳು, ಪಟ್ಟಿಯಲ್ಲಿ ಬರೆದಂತೆ. ಸಂಜೆ ನಮ್ಮ ಜೀಪಿನಲ್ಲಿ ಬಾ ಎಂದರೆ ಬರಲಿಲ್ಲ. ಬಸ್ಸಿಗೆ ಹೋದಳು.

ಆ ರಘುಪತಿಗೆ ಕೆಲಸವಿಲ್ಲ. ಮುಗಿದ ವಿಷಯವನ್ನು ಕೆದಕುವುದೇ ಇವರ ನೌಕರಿ.

20 ಫೆಬ್ರವರಿ, ಮಂಗಳವಾರ

ಮೀಟಿಂಗ್ ನಮ್ಮ ಜಗಲಿಯಲ್ಲಿ ಆಯಿತು. ಚಿಕ್ಕಕ್ಕ ಮೆಟ್ಟಿಲ ಮೇಲೆ ಕೂತಳು. ಮೇಲೆ ಬಾ ಎಂದು ಕರೆಯಬೇಕು ಎಂದುಕೊಂಡೆ, ಅಷ್ಟರಲ್ಲಿ ಮಾತು ಬೇರೆ ಕಡೆ ಹೋಯಿತು. ವನಜಮ್ಮ ಈಗ ನನ್ನ ಜೊತೆ ಚೆನ್ನಾಗಿದ್ದಾರೆ. ಮನೆಯಿಂದ ಉಪ್ಪಿನಕಾಯಿ ತಂದುಕೊಟ್ಟರು.

27 ಫೆಬ್ರವರಿ, ಮಂಗಳವಾರ

ಮುಂದಿನ ತಿಂಗಳು ಶೃಂಗೇರಿಯಲ್ಲಿ ಎರಡು ದಿನ ಕಬಡ್ಡಿ ಪಂದ್ಯ. ಪಂದ್ಯ ನಡೆಸುವವರೇ ಫೋನ್ ಮಾಡಿ, ದೇವಕಿಯಮ್ಮನವರ ರೊಟ್ಟಿಯೇ ಬೇಕು ಎಂದರು. ಇವರು ಸ್ಪೀಕರ್ ಹಾಕಿಸಿ ಕೇಳಿದರು. ಪರ್ಮಿಟ್ಟಿಗೆ ಮಾತ್ರ ಎಲ್ಲ ಹೊಸದಾಗಿ ಮಾಡಿಸಬೇಕು. ಹಳೆಯ ಸರ್ಟಿಫಿಕೇಟ್ ಆ ಮೂರು ದಿನಕ್ಕೆ ಮಾತ್ರ.

ಗುರುತು ಇಲ್ಲದ ಊರು ಎಂದು ನರಸಿಂಹರಾಜಪುರಕ್ಕೆ ಹೋಗಿ ಒಂದು ಲ್ಯಾಬಿನಲ್ಲಿ ನನ್ನದನ್ನು ಕೊಟ್ಟು ನೋಡಿದ್ದೆ. ನಿನ್ನೆ ರಿಪೋರ್ಟ್ ಬಂತು. ಹುಳ ಹೋಗಿಲ್ಲ. ಡಾಕ್ಟರ ಹತ್ತಿರ ಹೋಗಬೇಕು, ನೀರು ಕುದಿಸಬೇಕು, ಮನೆಯಲ್ಲಿ ಹೇಳಬೇಕು. ಗೋಡೆಯಲ್ಲಿ ಆ ಸರ್ಟಿಫಿಕೇಟ್ ತೂಗುವಾಗ ಹೇಗೆ ಹೇಳುವುದು?

ಅದಕ್ಕೇ ಇವತ್ತು ಚಿಕ್ಕಕ್ಕನ ಮನೆಗೆ ಹೋದೆ. ಚಾಪೆ ಹಾಸಿದಳು. ಕೇಳದೆಯೇ ಒಳಗೆ ಹೋಗಿ ಬೆಲ್ಲದ ಕಾಫಿ ಮಾಡಿ ತಂದು ಮುಂದೆ ಇಟ್ಟಳು, ಅದೇ ಸ್ಟೀಲಿನ ಲೋಟ. ನಾನು ಶೃಂಗೇರಿಯ ವಿಷಯ ಹೇಳಿದೆ. ಎಲ್ಲರೂ ರೊಟ್ಟಿ ಕೇಳುತ್ತಿದ್ದಾರೆ ಎಂದೆ. ಈ ಸಲ ಪಟ್ಟಿಯಲ್ಲಿ ಹಿಟ್ಟು ಕಲಸುವವರು ಎಂದು ಬರೆಸೋಣ, ಆಮೇಲೆ ನೋಡೋಣ ಎಂದೆ. ಚೀಲದಿಂದ ಡಬ್ಬಿ ತೆಗೆದು ಲೋಟದ ಪಕ್ಕ ಇಟ್ಟೆ.

"ಕಾಫಿ ಆರ್ತದೆ ಅಮ್ಮ," ಎಂದಳು.

ಈಗಷ್ಟೇ ಕುಡಿದು ಬಂದೆ ಎಂದೆ. ಹೊಟ್ಟೆ ಸರಿಯಿಲ್ಲದ್ದು ನಿಜ, ಅದನ್ನು ಬಿಡಿಸಿ ಹೇಳುತ್ತಾ ಕೂರಲಿಕ್ಕಾಗುತ್ತದಾ?

ಅವಳು ಲೋಟವನ್ನೂ ಡಬ್ಬಿಯನ್ನೂ ನೋಡಿದಳು. ದನಿ ಏರಿಸದೆ, ಸಂಘದ ಪುಸ್ತಕ ಓದುವ ಹಾಗೆ ನಿಧಾನಕ್ಕೆ ಹೇಳಿದಳು: "ನನ್ನ ಹೊಟ್ಟೇಲಿರೋದು ನಿಮಗೆ ಆಗ್ತದೆ. ನನ್ನ ಲೋಟದಲ್ಲಿರೋದು ಆಗಲ್ಲ. ಅದನ್ನ ಖಾಲಿ ಮಾಡಿ ಅಮ್ಮ. ಇದನ್ನ ನಾ ತುಂಬಿಸಿ ಕೊಡ್ತೀನಿ."

ಲೋಟ ನೋಡಿದೆ. ಹೊಳೆಯುವ ಹಾಗೆ ತೊಳೆದ ಲೋಟ. ಅದರಲ್ಲಿ ಏನೂ ಇರಲಿಲ್ಲ, ಬರೀ ಕಾಫಿ. ನಾನು ಕೈ ಚಾಚಲೂ ಚಾಚಿದೆ ಎಂದು ನೆನಪು. ಕೈ ಡಬ್ಬಿಯನ್ನು ಎತ್ತಿಕೊಂಡಿತು. ಎದ್ದು ಬಂದುಬಿಟ್ಟೆ.

ಎಷ್ಟು ಸೊಕ್ಕು! ಸ್ಲೇಟು ಹಿಡಿದು ಅಕ್ಷರ ಕಲಿಸಿದವಳು ನಾನು. ಅವಳ ಮನೆಯಲ್ಲಿ ಮೀಟಿಂಗ್ ಇಡಿಸಿದವಳು ನಾನು. ಎಲ್ಲರೆದುರಿಗೆ ಒಂದೂವರೆ ಲೋಟ ಕುಡಿದವಳು ನಾನು. ಅದೆಲ್ಲ ಅವಳಿಗೆ ಮರೆತೇ ಹೋಯಿತು.

ಡಬ್ಬಿ ಮೇಜಿನ ಮೇಲೆ ಇದೆ, ಖಾಲಿ. ನಾಳಿದ್ದಿನೊಳಗೆ ಲ್ಯಾಬಿಗೆ ಕೊಡಬೇಕು. ವನಜಮ್ಮನನ್ನು ಕೇಳಬಹುದು, ಅವರದ್ದೂ ಸರಿಯಾಗಿಯೇ ಬಂದಿತ್ತು. ಆದರೆ ವನಜಮ್ಮನ ಹತ್ತಿರ ಇಂಥದ್ದನ್ನು ಹೇಗೆ ಕೇಳುವುದು, ನಾಚಿಕೆಯಾಗುತ್ತದೆ.